ಆಯುಕ್ತರೇ, ಬೆಳಗ್ಗೆ ಹನ್ನೊಂದಕ್ಕೆ ತಂಗುದಾಣದಲ್ಲಿ ಯಾರಿರ್ತಾರೆ?

ಇವರಿಗೆ,
ಮಾನ್ಯ ಆಯುಕ್ತರು,
ನಮ್ಮ ಊರಿನ ನಗರ ಪಾಲಿಕೆ

ವಿಷಯ: ವಸತಿರಹಿತರ ತಂಗುದಾಣದಲ್ಲಿ ನಡೆಯುತ್ತಿರುವ ಜೀವನ ಕೌಶಲ್ಯ ತರಬೇತಿಯ ಬಗ್ಗೆ ದೂರು ಮತ್ತು ಕೋರಿಕೆ

ಮಾನ್ಯರೇ,

ಊರಿನ ಹೆಸರನ್ನು ಬೇಕಂತಲೇ ಬರೆದಿಲ್ಲ. ಬರೆದರೆ ಏನಾಗುತ್ತೆ ಅಂತ ಗೊತ್ತು. ತಂಗುದಾಣದ ಕೇರ್‌ಟೇಕರ್‌ಗೆ ನೋಟಿಸ್ ಹೋಗುತ್ತೆ. ಆತನಿಗೆ ಸಂಬಳವೇ ಎರಡು ತಿಂಗಳಿಗೊಮ್ಮೆ ಬರೋದು, ಪಾಪ. ತಪ್ಪು ಅವನದ್ದಲ್ಲ. ಓದಿದಾಗ ಯಾವ ಊರು ಅಂತ ನಿಮಗೆ ಗೊತ್ತಾಗುತ್ತೆ, ಅಷ್ಟು ಸಾಕು.

ನಾನು ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿದವಳು. ಅದರಲ್ಲಿ ಮುಕ್ಕಾಲು ಪಾಲು ಕ್ಯಾಶ್ ಕೌಂಟರಿನಲ್ಲೇ ಕಳೆಯಿತು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ನೆ ಕೂರೋಕಾಗದೆ ಅಲ್ಲಿ ಇಲ್ಲಿ ಓಡಾಡ್ತಿದ್ದೆ. ಹೀಗಿರುವಾಗ ಕಳೆದ ತಿಂಗಳು ತರಬೇತಿ ನಡೆಸುವ ಸಂಸ್ಥೆಯೊಂದರಿಂದ ಫೋನ್ ಬಂತು. "ಮೇಡಂ, ನಿರಾಶ್ರಿತರಿಗೆ ಲೈಫ್ ಸ್ಕಿಲ್ಸ್ ಕ್ಲಾಸ್ ಇದೆ, ಹಣಕಾಸು ಸಾಕ್ಷರತೆ ಬಗ್ಗೆ ನೀವೊಂದು ಅರ್ಧ ಗಂಟೆ ಮಾತಾಡಬೇಕು." ಖುಷಿಯಿಂದ ಒಪ್ಪಿಕೊಂಡೆ.

ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಹೋದೆ. ಗೇಟಿನ ಮೇಲೆ ದೊಡ್ಡ ಬ್ಯಾನರ್. ಒಳಗೆ ಐವತ್ತು ಹೊಸ ಪ್ಲಾಸ್ಟಿಕ್ ಕುರ್ಚಿ, ಇನ್ನೂ ಕಾಲಿಗೆ ಸುತ್ತಿದ ಕವರ್ ಬಿಚ್ಚಿರಲಿಲ್ಲ. ಕುಳಿತವರು ಏಳು ಜನ. ಎಣಿಸಿದೆ, ಎಣಿಸೋದು ನನ್ನ ಹಳೇ ಚಾಳಿ. ಇಬ್ಬರು ಅಜ್ಜಂದಿರು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬ ಹುಡುಗ, ಜ್ವರ ಬಂದು ಕೆಲಸಕ್ಕೆ ಹೋಗದ ಇಬ್ಬರು, ಹಸುಗೂಸು ಎತ್ತಿಕೊಂಡ ಒಬ್ಬ ತಾಯಿ, ಮತ್ತೊಬ್ಬರು ಎದುರಿನ ಟೀ ಅಂಗಡಿಯವರು. ಅವರನ್ನು ಫೋಟೋಗೆ ಜನ ಕಡಿಮೆಯಾಯ್ತು ಅಂತ ಕರೆದಿದ್ದರು.

ಮಿಕ್ಕವರೆಲ್ಲ ಎಲ್ಲಿ ಅಂತ ಕೇಳಿದೆ. ಕೇರ್‌ಟೇಕರ್ ನನ್ನ ಮುಖ ನೋಡಿ, "ಕೆಲಸಕ್ಕೆ ಹೋಗವ್ರೆ ಮೇಡಂ, ಆರು ಗಂಟೆಗೇ ಸರ್ಕಲ್‌ನಾಗೆ ನಿಂತ್ಕೋಬೇಕಲ್ವಾ" ಅಂದ. ನಿಜ ತಾನೇ. ಗಾರೆ ಕೆಲಸದವರು, ಲೋಡ್ ಇಳಿಸೋರು, ಮದುವೆ ಛತ್ರದಲ್ಲಿ ಪಾತ್ರೆ ತೊಳೆಯೋರು, ಚಿಂದಿ ಆಯೋರು. ಒಂದು ದಿನದ ಕೂಲಿ ಬಿಟ್ಟು "ಗುರಿ ಸಾಧನೆ ಹೇಗೆ" ಅಂತ ಕೇಳೋಕೆ ಯಾರು ಕೂರ್ತಾರೆ?

ಹೌದು, ಪಾಠದ ಹೆಸರು ಅದೇ. ಲ್ಯಾಪ್‌ಟಾಪ್‌ಗೂ ಪ್ರೊಜೆಕ್ಟರ್‌ಗೂ ಇಪ್ಪತ್ತು ನಿಮಿಷ ಜಗಳವಾಗಿ, ಕೊನೆಗೆ ಗೋಡೆ ಮೇಲೆ ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದ ಮನುಷ್ಯನ ಚಿತ್ರ ಬಂತು. ಸಕಾರಾತ್ಮಕ ಚಿಂತನೆ, ಸಮಯ ನಿರ್ವಹಣೆ, ಕೋಪ ನಿಗ್ರಹ. ಆಮೇಲೆ, ಆದಾಯದ ಶೇ 20 ಉಳಿಸಿ. ಆಗ ಒಬ್ಬ ಅಜ್ಜ ಕೈ ಎತ್ತಿದರು. "ಸ್ವಾಮಿ, ಉಳಿಸಿದ ದುಡ್ಡು ಎಲ್ಲಿಡೋದು? ಇಲ್ಲಿ ತಲೆ ಕೆಳಗಿಟ್ಟು ಮಲಗಿದರೆ ಬೆಳಗ್ಗೆ ಇರಲ್ಲ." ಇಡೀ ದಿನದಲ್ಲಿ ಬಂದ ಒಂದೇ ಒಂದು ಪ್ರಶ್ನೆ. ತರಬೇತುದಾರರು ನಕ್ಕು, ಪ್ರಶ್ನೋತ್ತರ ಕೊನೆಯಲ್ಲಿದೆ ಅಂದರು. ಕೊನೆಯಲ್ಲಿ ಸಮೋಸ ಬಂತು, ಬಾಳೆಹಣ್ಣು ಬಂತು, ಫೋಟೋ ಆಯಿತು. ಪ್ರಶ್ನೋತ್ತರ ಆಗಲಿಲ್ಲ.

ರಿಜಿಸ್ಟರ್‌ನಲ್ಲಿ 34 ಸಹಿ ಇತ್ತು. ಹೇಗೆ ಅಂತ ನಾನು ಕೇಳಲಿಲ್ಲ. ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು, ಆ ರಿಜಿಸ್ಟರಿನ ಕೆಳಗೆ "ಸಂಪನ್ಮೂಲ ವ್ಯಕ್ತಿ" ಅಂತ ನನ್ನ ಸಹಿನೂ ಇದೆ. ಬಡ್ಡಿ ಲೆಕ್ಕ, ಉಳಿತಾಯ ಅಂತ ನಾನೂ ಅರ್ಧ ಗಂಟೆ ಒದರಿದೆ. 500 ರೂಪಾಯಿ ಗೌರವಧನದ ಲಕೋಟೆ ಇಸ್ಕೊಂಡು ಬಂದೆ. ಹಾಗಾಗಿ ಈ ದೂರಿನಲ್ಲಿ ನನ್ನ ಪಾಲೂ ಇದೆ.

ಛತ್ರಿ ಮರೆತು ಬಂದಿದ್ದೆ. ಅದನ್ನು ತರಲು ರಾತ್ರಿ ಎಂಟು ಗಂಟೆಗೆ ಮತ್ತೆ ಹೋದಾಗ ನಿಜವಾದ ತಂಗುದಾಣ ನೋಡಿದೆ.

ಕಾಲಿಡೋಕೆ ಜಾಗ ಇರಲಿಲ್ಲ. ಸಿಮೆಂಟ್ ಧೂಳು ಮೆತ್ತಿದ ಕಾಲುಗಳು, ಬಕೆಟ್‌ಗೆ ಕ್ಯೂ, ಮೂಲೆಯಲ್ಲಿ ಮಕ್ಕಳ ಗಲಾಟೆ. ಕುರ್ಚಿ ಒಂದೂ ಇರಲಿಲ್ಲ. ಅವು ಸ್ಟೋರ್ ರೂಮಿನಲ್ಲಿ ಬೀಗದೊಳಗೆ. ಬೆಳಗ್ಗೆ "ಬ್ಯಾಂಕ್ ಮೇಡಂ" ಬಂದಿದ್ದರು ಅಂತ ಆ ಹಸುಗೂಸಿನ ತಾಯಿ ಎಲ್ಲರಿಗೂ ಹೇಳಿಟ್ಟಿದ್ದಳು. ಛತ್ರಿ ಕೈಗೆ ಬರೋದರೊಳಗೆ ನನ್ನ ಸುತ್ತ ಹದಿನೈದು ಜನ. ಎಲ್ಲರ ಕೈಯಲ್ಲೂ ಒಂದೊಂದು ಕ್ಯಾರಿ ಬ್ಯಾಗ್. ಅದರೊಳಗೆ ಅವರ ಇಡೀ ಸರ್ಕಾರ! ಆಧಾರ್ ಜೆರಾಕ್ಸ್, ಮಡಚಿ ಮಡಚಿ ನಾಲ್ಕು ತುಂಡಾದ ರೇಷನ್ ಕಾರ್ಡ್, ಪಾಸ್‌ಬುಕ್, ಆಸ್ಪತ್ರೆ ಚೀಟಿ, ಯಾರೋ ಯಾವಾಗಲೋ ಬರೆದುಕೊಟ್ಟ ಅರ್ಜಿಯ ಪ್ರತಿ.

ಅವರಲ್ಲೊಬ್ಬರ ಕಥೆ ಮಾತ್ರ ಹೇಳ್ತೀನಿ. ಯಾದಗಿರಿ ಕಡೆಯ ಹೆಂಗಸು, ಎರಡು ಮಕ್ಕಳು. ಗಂಡ ಕಟ್ಟಡದಿಂದ ಬಿದ್ದು ಊರಲ್ಲಿ ಮಲಗಿದ್ದಾನೆ. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಆಕೆಯೇ. "ಅಕ್ಕಾರ, ಗೃಹಲಕ್ಷ್ಮಿ ರೊಕ್ಕ ಎಲ್ಲಾರಿಗೂ ಬರಾಕತ್ತೈತ್ರೀ, ನನಗಷ್ಟ ಬರವಲ್ದು. ಬ್ಯಾಂಕಿನ್ಯಾಗ ಕೇಳಿದ್ರ ಬಂದಿಲ್ಲ ಅಂತಾರ್ರೀ" ಅಂದಳು. ಪಾಸ್‌ಬುಕ್ ನೋಡಿದೆ, ಖಾಲಿ. ಆಕೆಯ ಪುಣ್ಯಕ್ಕೆ ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಆಕೆಯ ಹತ್ತಿರವೇ ಇತ್ತು. ನನ್ನ ಫೋನಿನಲ್ಲಿ ಆಧಾರ್ ವೆಬ್‌ಸೈಟ್ ತೆರೆದು, ಒಟಿಪಿ ಹಾಕಿ, ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ನೋಡಿದರೆ ಬೇರೆಯದೇ ಬ್ಯಾಂಕಿನ ಹೆಸರು!

ಸರ್ಕಾರದ ದುಡ್ಡು ನಾವು ಕೈಯಲ್ಲಿ ಹಿಡಿದಿರೋ ಪಾಸ್‌ಬುಕ್ ನೋಡಿ ಬರಲ್ಲ. ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆ ಆಗಿರುತ್ತೋ ಅಲ್ಲಿಗೆ ಹೋಗುತ್ತೆ. ಇದು ಬ್ಯಾಂಕಿನವರಿಗೆಲ್ಲ ಗೊತ್ತು. ಎರಡು ವರ್ಷದ ಹಿಂದೆ ಗುಂಪು ಸಾಲ ತಗೊಂಡಾಗ ಸಂಘದವರು ಹೆಬ್ಬೆಟ್ಟು ಒತ್ತಿಸಿಕೊಂಡು ಇನ್ನೊಂದು ಖಾತೆ ತೆರೆಸಿದ್ದರು. ಆಕೆಗೆ ಅದು ಸಾಲದ ಕಾಗದ ಅಂತಷ್ಟೇ ಗೊತ್ತು. ಮಾರನೇ ದಿನ ಆ ಬ್ಯಾಂಕಿಗೆ ಕರ್ಕೊಂಡು ಹೋದೆ. ಹನ್ನೊಂದು ಕಂತು, 22 ಸಾವಿರ ರೂಪಾಯಿ, ಹಾಗೇ ಬಿದ್ದಿತ್ತು. ಅಷ್ಟರಲ್ಲಿ ಆಕೆ ಮೇಸ್ತ್ರಿ ಹತ್ತಿರ ನೂರಕ್ಕೆ ತಿಂಗಳಿಗೆ ಹತ್ತರಂತೆ ಬಡ್ಡಿಗೆ ಐದು ಸಾವಿರ ಸಾಲ ಮಾಡಿ ಆರು ತಿಂಗಳಾಗಿತ್ತು. ಅಂದರೆ ಮೂರು ಸಾವಿರ ಬಡ್ಡಿ. ತನ್ನದೇ ದುಡ್ಡು ಬ್ಯಾಂಕಿನಲ್ಲಿ ಕೊಳೀತಿದ್ದಾಗ!

ಈಕೆಗೆ ಬೆಳಗ್ಗೆ ನಾನು ಉಳಿತಾಯ ಹೇಳಿಕೊಡೋಕೆ ಹೋಗಿದ್ದೆ, ನೋಡಿ.

ಆಯುಕ್ತರೇ, "ಜೀವನ ಕೌಶಲ್ಯ" ಅನ್ನೋ ಹೆಸರಿನ ಬಗ್ಗೆಯೇ ನನಗೆ ತಕರಾರಿದೆ. ದಿನಕ್ಕೆ ನಾನೂರು ಐನೂರು ರೂಪಾಯಿಯಲ್ಲಿ ಎರಡು ಮಕ್ಕಳನ್ನು ಸಾಕಿ, ಊರಿಗೂ ಒಂದಿಷ್ಟು ಕಳಿಸಿ, ಇಂದಿರಾ ಕ್ಯಾಂಟೀನ್ ಯಾವತ್ತು ಎಷ್ಟು ಗಂಟೆಗೆ ಖಾಲಿಯಾಗುತ್ತೆ ಅಂತ ಲೆಕ್ಕ ಇಟ್ಟುಕೊಂಡು ಬದುಕುವವರಿಗೆ ನಾವು ಬದುಕೋ ಕಲೆ ಕಲಿಸ್ತೀವಾ? ನನಗೆ ಆ ಸಂಬಳ ಕೊಟ್ಟು ಒಂದು ವಾರ ಬಿಡಿ, ಮೂರನೇ ದಿನಕ್ಕೆ ಅಳ್ತೀನಿ. ಅವರಿಗೆ ಗೊತ್ತಿಲ್ಲದಿರೋದು ಬದುಕೋದಲ್ಲ. ನಮ್ಮ ಆಫೀಸುಗಳು, ನಮ್ಮ ಫಾರಂಗಳು, ನಮ್ಮ ಇಂಗ್ಲಿಷ್ ಮೆಸೇಜುಗಳು ಹೇಗೆ ಕೆಲಸ ಮಾಡುತ್ತವೆ ಅನ್ನೋದು. ಕಲಿಸಬೇಕಾದ್ದು ಅದನ್ನು.

ಆ ರಾತ್ರಿಯಿಂದ ಈವರೆಗೆ ವಾರಕ್ಕೆರಡು ಸಲ ಹೋಗ್ತಿದ್ದೀನಿ. ಜನ ಕೇಳೋದು ಹೆಚ್ಚು ಕಡಿಮೆ ಇವನ್ನೇ. ಊರಿನ ರೇಷನ್ ಕಾರ್ಡ್ ಇಲ್ಲಿ ನಡೆಯುತ್ತಾ? ನಡೆಯುತ್ತೆ. ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳು ಒತ್ತಿ ಅಕ್ಕಿ ತಗೋಬಹುದು. ಆದರೆ ಅಂಗಡಿಯವರು "ಇಲ್ಲಿಯ ಕಾರ್ಡ್ ಅಲ್ಲ" ಅಂತ ವಾಪಸ್ ಕಳಿಸಿದರೆ ನಾಲ್ಕು ಮಾತು ಕೇಳೋ ಧೈರ್ಯ ಇವರಿಗಿಲ್ಲ. ಮಗುವನ್ನು ಶಾಲೆಗೆ ಸೇರಿಸೋಕೆ ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ಏನು ಮಾಡೋದು? 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಅವಿಲ್ಲ ಅಂತ ಹದಿನಾಲ್ಕರೊಳಗಿನ ಮಗುವಿಗೆ ಸೀಟು ಇಲ್ಲ ಅನ್ನೋ ಹಾಗಿಲ್ಲ, ವರ್ಷದ ಮಧ್ಯದಲ್ಲಿ ಬಂದರೂ ಸೇರಿಸಿಕೊಳ್ಳಬೇಕು. ಇದನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟೆ, ಒಬ್ಬ ಹುಡುಗಿ ಹತ್ತಿರದ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ಸೇರಿದಳು.

ಫೋನ್ ಪೇ, ಗೂಗಲ್ ಪೇ ಎಲ್ಲರಿಗೂ ಬರುತ್ತೆ, ಅದೇ ಅಪಾಯ. ಒಬ್ಬ ಹುಡುಗನಿಗೆ "ನಿಮ್ಮ ಸ್ಕೀಮ್ ಹಣ ಬಂದಿದೆ, ಪಿನ್ ಹಾಕಿ ಪಡ್ಕೊಳ್ಳಿ" ಅಂತ ಫೋನ್ ಬಂದು ಒಂದು ವಾರದ ಬಟವಾಡೆ ಪೂರ್ತಿ ಹೋಯ್ತು. ದುಡ್ಡು ಹೋಗೋಕೆ ಪಿನ್ ಬೇಕು, ಬರೋಕೆ ಬೇಡ. ಇಷ್ಟು ಒಂದೇ ವಾಕ್ಯ ಗೊತ್ತಿದ್ದರೆ ಸಾಕಿತ್ತು. ಮೋಸ ಆದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನೋದೂ ಗೊತ್ತಿರಲಿಲ್ಲ. ಎರಡು ದಿನ ಅತ್ತು, ಮೂರನೇ ದಿನ ನನಗೆ ಹೇಳಿದ.

ಇನ್ನು ಕಟ್ಟಡ ಕಾರ್ಮಿಕರ ಕಾರ್ಡು. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದೀನಿ ಅಂತ ಪ್ರಮಾಣಪತ್ರ ಬೇಕು. ಇವರಲ್ಲಿ ಎಷ್ಟೋ ಜನ ಮುನ್ನೂರು ದಿನ ಮಾಡಿರ್ತಾರೆ. ಆದರೆ ಇವತ್ತು ಈ ಮೇಸ್ತ್ರಿ, ನಾಳೆ ಆ ಮೇಸ್ತ್ರಿ, ಸಹಿ ಹಾಕೋದು ಯಾರು? ಕಟ್ಟಡ ಕಟ್ಟೋರಿಂದ ವೆಚ್ಚದ ಶೇ 1ರಷ್ಟು ಸೆಸ್ ವಸೂಲಾಗಿ ಈ ಕಾರ್ಮಿಕರ ಹೆಸರಲ್ಲಿ ಕಲ್ಯಾಣ ಮಂಡಳಿಯಲ್ಲಿ ಜಮಾ ಆಗುತ್ತೆ. ಆ ಕಟ್ಟಡಕ್ಕೆ ಇಟ್ಟಿಗೆ ಹೊತ್ತವನು ಆ ಮಂಡಳಿಯ ಪಾಲಿಗೆ ಇಲ್ಲವೇ ಇಲ್ಲ. ಒಂದು ಸಂಜೆ ಕಾರ್ಮಿಕ ಇಲಾಖೆಯ ಒಬ್ಬ ಇನ್ಸ್‌ಪೆಕ್ಟರ್ ತಂಗುದಾಣಕ್ಕೆ ಬಂದು ಕೂತರೆ ಎಷ್ಟು ಜನರ ಕೆಲಸ ಆಗುತ್ತೆ ಗೊತ್ತಾ?

ಸಾಲದ ವಿಷಯ ಬರೆಯೋಕೆ ಹೋದರೆ ಈ ಪತ್ರ ಮುಗಿಯಲ್ಲ. ಮೈಕ್ರೊ ಫೈನಾನ್ಸ್ ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಹೆದರಿಸಿ ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಪೇಪರ್‌ನಲ್ಲೆಲ್ಲ ಬಂತು. ತಂಗುದಾಣದಲ್ಲಿ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಹೆಂಗಸರಿಗೆ ವಕೀಲರು ಪುಕ್ಕಟೆಯಾಗಿ ಸಿಗ್ತಾರೆ, 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದವರು ಮಾತಾಡ್ತಾರೆ ಅಂದಾಗ ಒಬ್ಬಳು "ಫ್ರೀ ಅಂದ್ರ ಆಮ್ಯಾಲ ಎಷ್ಟ್ ಕೊಡ್ಬೇಕ್ರೀ?" ಅಂತ ಕೇಳಿದಳು. ನಕ್ಕುಬಿಟ್ಟೆ, ಆಮೇಲೆ ನಾಚಿಕೆಯಾಯ್ತು.

ಇದೆಲ್ಲ ನನ್ನ ಹೊಸ ಕಲ್ಪನೆ ಅಲ್ಲ. ಲಕ್ಷ ಜನಸಂಖ್ಯೆಗೆ ಒಂದಾದರೂ ತಂಗುದಾಣ ಇರಬೇಕು, ವರ್ಷವಿಡೀ ದಿನದ 24 ಗಂಟೆಯೂ ತೆರೆದಿರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಒಬ್ಬರಿಗೆ 50 ಚದರ ಅಡಿ ಜಾಗ ಅಂತ ಇದೆ. ನಮ್ಮಲ್ಲಿ ಅದರ ಅರ್ಧವೂ ಇಲ್ಲ, ಇರಲಿ, ಇವತ್ತು ಆ ಜಗಳ ಬೇಡ. ಅದೇ ಮಾರ್ಗಸೂಚಿಯಲ್ಲೇ ಇನ್ನೊಂದು ಮಾತಿದೆ. ತಂಗುದಾಣದಲ್ಲಿ ಇರೋರಿಗೆ ಗುರುತಿನ ಚೀಟಿ, ರೇಷನ್, ಪಿಂಚಣಿ, ಬ್ಯಾಂಕ್ ಖಾತೆ, ಮಕ್ಕಳಿಗೆ ಶಾಲೆ, ಇವೆಲ್ಲ ಸಿಗುವ ಹಾಗೆ ನೋಡಿಕೊಳ್ಳಬೇಕು ಅಂತ. ಅಂದರೆ ರಾತ್ರಿ ಮಲಗೋಕೆ ಚಾಪೆ ಕೊಟ್ಟರೆ ಕೆಲಸ ಮುಗಿಯಲಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಮನೆಯಿಲ್ಲದವರು 76 ಸಾವಿರಕ್ಕೂ ಜಾಸ್ತಿ. ಫುಟ್‌ಪಾತಿನಲ್ಲಿ ಮಲಗಿದವರನ್ನು ಒಂದು ರಾತ್ರಿಯಲ್ಲಿ ಎಣಿಸಿದರೆ ಎಷ್ಟು ಜನ ಬಿಟ್ಟು ಹೋಗಿರ್ತಾರೆ ಅಂತ ನೀವೇ ಊಹಿಸಿ.

ದೊಡ್ಡವರ ಸಾಕ್ಷರತೆಗೆ ಕೇಂದ್ರ ಸರ್ಕಾರದ ಉಲ್ಲಾಸ್ ಕಾರ್ಯಕ್ರಮ 2022ರಿಂದ ಇದೆ. ಅದರಲ್ಲಿ ಜೀವನ ಕೌಶಲ್ಯ ಅಂದರೆ ಏನು ಅಂತ ಬರೆದಿದ್ದಾರೆ: ಹಣಕಾಸು, ಡಿಜಿಟಲ್, ಕಾನೂನು, ಆರೋಗ್ಯ, ಮಕ್ಕಳ ಪಾಲನೆ. ಎಷ್ಟು ಸರಿಯಾಗಿದೆ ನೋಡಿ. ಬೆಟ್ಟದ ತುದಿಯ ಬಾವುಟ ಅದರಲ್ಲಿ ಎಲ್ಲೂ ಇಲ್ಲ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಕೌಂಟರಿನಲ್ಲಿ ಕೂತಿದ್ದಾಗ ನಾನೇ ಎಷ್ಟು ಜನಕ್ಕೆ "ಫಾರಂ ತುಂಬಿಸ್ಕೊಂಡು ಬನ್ನಿ, ಮುಂದಿನವರು ಬನ್ನಿ" ಅಂದಿಲ್ಲ! ಎಲ್ಲಿ ತುಂಬಿಸೋದು, ಯಾರು ತುಂಬಿಸ್ತಾರೆ ಅಂತ ಒಂದು ದಿನವೂ ಯೋಚಿಸಲಿಲ್ಲ. ಬ್ಯಾಂಕಿನ ಹೊರಗೆ ಮರದ ಕೆಳಗೆ ಒಬ್ಬ ಫಾರಂಗೆ ಇಪ್ಪತ್ತು ರೂಪಾಯಿ ತಗೊಂಡು ತುಂಬಿಸಿ ಕೊಡ್ತಿದ್ದ. ಆತನೇ ನಿಜವಾದ ಸಂಪನ್ಮೂಲ ವ್ಯಕ್ತಿ. ಎರಡು ವರ್ಷ ವ್ಯವಹಾರ ಮಾಡದೆ ಸುಮ್ಮನಾದ ಖಾತೆಯನ್ನು ಮತ್ತೆ ಚಾಲೂ ಮಾಡೋಕೆ ಶುಲ್ಕ ಇಲ್ಲ, ಕೆವೈಸಿ, ಅಂದರೆ ಗುರುತು ಮತ್ತು ವಿಳಾಸದ ದಾಖಲೆ, ಕೊಟ್ಟರೆ ಸಾಕು. ಆದರೆ "ಊರಿನ ಬ್ರ್ಯಾಂಚಿಗೇ ಹೋಗಿ" ಅಂತ ಕಳಿಸಿಬಿಡ್ತಾರೆ. ಯಾದಗಿರಿಗೆ ಹೋಗಿ ಬರೋದಂದ್ರೆ ಮೂರು ದಿನದ ಕೂಲಿ. ಬಸ್ಸು ಹೆಂಗಸರಿಗೆ ಫ್ರೀ ಇರಬಹುದು, ದಿನ ಫ್ರೀ ಅಲ್ವಲ್ಲ. ಹಾಗಾಗಿ ಆ ತರಬೇತಿಯ ಅರ್ಧ ಭಾಗವನ್ನು ಕೌಂಟರಿನ ಈಚೆ ಕೂತ ನಮ್ಮಂಥವರಿಗೂ ಕೊಟ್ಟರೆ ತಪ್ಪಿಲ್ಲ.

ಈಗ ನನ್ನ ಕೋರಿಕೆಗೆ ಬರ್ತೀನಿ. ದುಡ್ಡು ಜಾಸ್ತಿ ಬೇಕಿಲ್ಲ, ಇರೋದನ್ನೇ ಸರಿಯಾಗಿ ಖರ್ಚು ಮಾಡಿ.

ಮೊದಲು ಸಮಯ. ತರಗತಿ ರಾತ್ರಿ ಎಂಟರ ಮೇಲೆ ಇರಲಿ, ಊಟ ಆದ ಮೇಲೆ, ಮುಕ್ಕಾಲು ಗಂಟೆ ಸಾಕು, ಅದಕ್ಕಿಂತ ಹೆಚ್ಚಾದರೆ ಕೂತಲ್ಲೇ ನಿದ್ದೆ ಬರುತ್ತೆ, ಬರಬೇಕಾದ್ದೇ. ಮಳೆ ಬಂದು ಕೆಲಸ ನಿಂತ ದಿನ ಹಗಲಲ್ಲೂ ಮಾಡಬಹುದು. ಅಂಥ ದಿನ ಎಲ್ಲರೂ ಒಳಗೇ ಇರ್ತಾರೆ, ಬೇಜಾರಲ್ಲಿರ್ತಾರೆ. ಪಾಠದ ಸಮಯದಲ್ಲಿ ಮಕ್ಕಳನ್ನು ನೋಡಿಕೊಳ್ಳೋಕೆ ಒಬ್ಬರಿರಲಿ. ಇಲ್ಲದಿದ್ದರೆ ಹೆಂಗಸರು ಬರಲ್ಲ, ಬಂದರೂ ಗಮನವೆಲ್ಲ ಬಾಗಿಲ ಕಡೆಗೇ ಇರುತ್ತೆ.

ಪ್ರೊಜೆಕ್ಟರ್ ಬೇಡ. ಅವರ ಕ್ಯಾರಿ ಬ್ಯಾಗಿನಲ್ಲಿರೋ ಕಾಗದವೇ ಪಠ್ಯ. ಇವತ್ತು ಒಬ್ಬರ ಪಾಸ್‌ಬುಕ್ ಹಿಡಿದು ಓದೋದು, ನಾಳೆ ಒಬ್ಬರಿಗೆ ಬಂದ ಮೆಸೇಜು, ನಾಡಿದ್ದು ಒಬ್ಬರ ಸಾಲದ ಚೀಟಿ. ಒಬ್ಬರ ಕೆಲಸ ಆಗೋದನ್ನು ಹತ್ತು ಜನ ನೋಡಿದರೆ ಹತ್ತು ಜನ ಕಲೀತಾರೆ. ತಿಂಗಳಿಗೊಮ್ಮೆ ಬ್ಯಾಂಕಿನವರು, ಆಹಾರ ಇಲಾಖೆಯವರು, ಕಾರ್ಮಿಕ ಇಲಾಖೆಯವರು ಸರದಿ ಪ್ರಕಾರ ರಾತ್ರಿ ಬರಲಿ. ನೀವು ಒಂದು ಪತ್ರ ಬರೆದರೆ ಬರ್ತಾರೆ. ನಾನು ಬರೆದರೆ ಬರಲ್ಲ, ನೋಡಿ ಆಗಿದೆ.

ವಿಳಾಸದ ವಿಷಯ ಮಾತ್ರ ನಿಮ್ಮ ಕೈಯಲ್ಲೇ ಇದೆ. ಮಾನ್ಯತೆ ಇರೋ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಬರೆದುಕೊಟ್ಟರೆ ಆಧಾರ್‌ಗೆ ಅದೇ ವಿಳಾಸದ ದಾಖಲೆಯಾಗುತ್ತೆ. ನಮ್ಮ ತಂಗುದಾಣದಲ್ಲಿ ಆ ಸಹಿ ಹಾಕೋಕೆ ಯಾರೂ ಮುಂದೆ ಬರ್ತಿಲ್ಲ. ಕೇರ್‌ಟೇಕರ್ "ನಂಗೆ ಅಧಿಕಾರ ಇಲ್ಲ" ಅಂತಾನೆ, ಸಂಸ್ಥೆಯವರು "ಪಾಲಿಕೆಯವರು ಹಾಕಬೇಕು" ಅಂತಾರೆ, ಪಾಲಿಕೆಯಲ್ಲಿ "ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ". ಒಬ್ಬರ ಹೆಸರಿಗೆ ಆದೇಶ ಮಾಡಿ, ಸ್ವಾಮಿ.

ಆ ಅಜ್ಜನ ಪ್ರಶ್ನೆಗೂ ಉತ್ತರ ಬೇಕು. ಬೀಗ ಇರೋ ಸಣ್ಣ ಸಣ್ಣ ಕಬ್ಬಿಣದ ಪೆಟ್ಟಿಗೆ, ಗೋಡೆಗೆ ಬಡಿದದ್ದು. ರೈಲ್ವೆ ಸ್ಟೇಷನ್ನಿನಲ್ಲಿ ಲಗೇಜಿಗೆ ಇರುತ್ತಲ್ಲ, ಹಾಗೆ. ಉಳಿಸಿ ಅಂತ ಹೇಳೋಕೆ ಮುಂಚೆ ಇಡೋಕೆ ಜಾಗ ಕೊಡಬೇಕಲ್ವಾ?

ಇನ್ನು ಸಂಸ್ಥೆಗೆ ಬಿಲ್ ಪಾಸ್ ಮಾಡುವಾಗ ಸಹಿ ಎಷ್ಟು, ಫೋಟೋ ಎಷ್ಟು ಅಂತ ನೋಡಬೇಡಿ. ಎಷ್ಟು ಖಾತೆ ಸರಿಯಾಯ್ತು, ಎಷ್ಟು ಮಕ್ಕಳು ಶಾಲೆಗೆ ಸೇರಿದವು, ಎಷ್ಟು ಪಿಂಚಣಿ ಶುರುವಾಯ್ತು ಅಂತ ಕೇಳಿ. ಆ 34 ಸಹಿಯ ರಿಜಿಸ್ಟರನ್ನೂ ಒಮ್ಮೆ ತರಿಸಿ ನೋಡಿ. ಅದರಲ್ಲಿ ಹೆಬ್ಬೆಟ್ಟು ಒಂದೂ ಇಲ್ಲ, ಎಲ್ಲರೂ ಮುದ್ದಾದ ಅಕ್ಷರದಲ್ಲಿ ಸಹಿ ಹಾಕಿದ್ದಾರೆ. ತಂಗುದಾಣದಲ್ಲಿ ಅಷ್ಟೊಂದು ಜನಕ್ಕೆ ಬರೆಯೋಕೆ ಬರುತ್ತೆ ಅಂದರೆ ನಾನು ವಾರಕ್ಕೆರಡು ಸಲ ಹೋಗೋದೇ ಬೇಕಿರಲಿಲ್ಲ.

ನನ್ನ 500 ರೂಪಾಯಿಯ ಲಕೋಟೆ ಹಾಗೇ ಇದೆ, ಸಂಸ್ಥೆಯವರು ವಾಪಸ್ ತಗೊಳ್ಳಲಿಲ್ಲ, ರಸೀದಿ ಬರೆಯೋಕೆ ಬರಲ್ಲವಂತೆ. ಅದರಲ್ಲಿ ಎರಡು ಬಾಲ್ ಪೆನ್ ಡಬ್ಬಿ, ಒಂದು ಸ್ಟಾಂಪ್ ಪ್ಯಾಡ್, ಪ್ಲಾಸ್ಟಿಕ್ ಫೋಲ್ಡರ್ ತಂದುಬಿಡ್ತೀನಿ.

ಮಂಗಳವಾರ ಮತ್ತು ಶುಕ್ರವಾರ ರಾತ್ರಿ ಎಂಟಕ್ಕೆ ನಾನು ಅಲ್ಲಿರ್ತೀನಿ. ಒಂದು ದಿನ ನೀವೂ ಬನ್ನಿ, ಬ್ಯಾನರ್ ಬೇಡ. ಎಡಗಡೆ ಗೋಡೆಯ ಟ್ಯೂಬ್‌ಲೈಟ್ ಎರಡು ವಾರದಿಂದ ಉರಿಯುತ್ತಿಲ್ಲ, ಅದನ್ನೊಂದು ಬದಲಾಯಿಸಲು ಹೇಳಿ. ಮತ್ತೆ ಆ ಸ್ಟೋರ್ ರೂಮಿನ ಕೀ ಕೇರ್‌ಟೇಕರ್ ಕೈಗೆ ಕೊಡಿಸಿ. ಐವತ್ತು ಕುರ್ಚಿ ಒಳಗಿವೆ, ಜನ ನೆಲದ ಮೇಲೆ ಕೂತಿದ್ದಾರೆ.

ಇಂತಿ,
ನಿವೃತ್ತ ಬ್ಯಾಂಕ್ ಕ್ಯಾಷಿಯರ್,
ನಿಮ್ಮದೇ ಊರಿನ ತೆರಿಗೆದಾರಳು